ಬೆಂಗಳೂರಿನಿಂದ ಕರಾವಳಿಗೆ ದೋಣಿ ಎಳೆದೊಯ್ಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ದೋಣಿ ಇಟ್ಟುಕೊಂಡವರಿಗೆ ಹತ್ತಿರದ ಸಮುದ್ರವೆಂದರೂ 350 ಕಿಲೋಮೀಟರ್ ಆಸುಪಾಸು. ಪಶ್ಚಿಮಕ್ಕೆ ಹೊರಟರೆ ನಡುವೆ ಘಟ್ಟ ಅಡ್ಡ ನಿಂತಿದೆ. 14ರಿಂದ 18 ಅಡಿ ಉದ್ದದ ಫೈಬರ್ ದೋಣಿಯನ್ನು ಒಂದೇ ಆಕ್ಸಲ್‌ನ ಟ್ರೇಲರ್ ಮೇಲಿಟ್ಟು, ಎಸ್‌ಯುವಿ ಅಥವಾ ಪಿಕಪ್‌ನಿಂದ ಎಳೆದುಕೊಂಡು ಹೋಗಬೇಕೆಂದಿರುವವರಿಗಾಗಿ ಈ ಪ್ರಶ್ನೋತ್ತರ. ಕಯಾಕ್ ಒಂದನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋಗುವವರಿಗೆ ಇದರಲ್ಲಿ ಹೆಚ್ಚಿನದು ಅನ್ವಯಿಸುವುದಿಲ್ಲ.

ನನ್ನ ಕಾರು ಈ ದೋಣಿಯನ್ನು ಎಳೆಯುತ್ತದೆಯೇ?

ಬಹುಮಟ್ಟಿಗೆ ಎಳೆಯುತ್ತದೆ. ಈಗಿನ ಡೀಸೆಲ್ ಎಸ್‌ಯುವಿಗಳಿಗೆ ಸಮತಟ್ಟು ರಸ್ತೆಯಲ್ಲಿ ಒಂದು ಟನ್ ಎಳೆಯುವುದು ದೊಡ್ಡ ಕೆಲಸವೇ ಅಲ್ಲ. ಶಿರಾಡಿಯ ಇಳಿಜಾರಿನಲ್ಲಿ, ಒದ್ದೆ ರಸ್ತೆಯಲ್ಲಿ, ಮುಂದಿನ ಬಸ್ಸು ಏಕಾಏಕಿ ನಿಂತಾಗ ನಿಮ್ಮ ಕಾರು ಆ ಒಂದು ಟನ್ನನ್ನು ನಿಲ್ಲಿಸುತ್ತದೆಯೇ ಎಂದು ಕೇಳಿ. ಈ ಪುಟದ ಮುಕ್ಕಾಲು ಪಾಲು ಉತ್ತರಗಳು ಆ ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಕಾರಿನ ಕೈಪಿಡಿ ತೆಗೆಯಿರಿ. ಎಳೆಯಬಹುದಾದ ಭಾರವನ್ನು ತಯಾರಕರು ನಮೂದಿಸಿದ್ದರೆ ಅದೇ ಗಡಿ. ಬ್ರೇಕ್ ಇರುವ ಟ್ರೇಲರ್‌ಗೆ ಒಂದು, ಇಲ್ಲದ್ದಕ್ಕೆ ಇನ್ನೊಂದು ಎಂದು ಎರಡು ಅಂಕಿಗಳಿರಬಹುದು. ಎರಡನೆಯದು ಯಾವಾಗಲೂ ಚಿಕ್ಕದು. ಕೈಪಿಡಿಯಲ್ಲಿ ಏನೂ ಇಲ್ಲದಿದ್ದರೆ, ಅಥವಾ ಟ್ರೇಲರ್ ಎಳೆಯಬೇಡಿ ಎಂದೇ ಇದ್ದರೆ, ಗ್ಯಾರೇಜಿನವರ ‘ಏನೂ ಆಗುವುದಿಲ್ಲ ಸಾರ್’ ಎಂಬ ಮಾತು ಅದಕ್ಕೆ ಬದಲಿಯಾಗುವುದಿಲ್ಲ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಟ್ರೇಲರ್‌ನ ಒಟ್ಟು ಭಾರ 750 ಕಿಲೋ ಮೀರಿದರೆ ಅದಕ್ಕೆ ತನ್ನದೇ ಬ್ರೇಕ್ ಕಡ್ಡಾಯ. ನಮ್ಮ ಘಾಟಿಗಳಿಗೆ ಆ ಅಂಕಿಯೂ ಧಾರಾಳವಾಯಿತು ಎಂಬುದು ನನ್ನ ಅಭಿಪ್ರಾಯ.

ದೋಣಿಯ ತೂಕ 400 ಕಿಲೋ ಎಂದು ಮಾರಿದವರು ಹೇಳಿದ್ದಾರೆ. ಅಷ್ಟನ್ನೇ ಲೆಕ್ಕಕ್ಕೆ ಹಿಡಿಯಬಹುದೇ?

ಅದು ಖಾಲಿ ಮೈಯ ತೂಕ. ಅದರ ಮೇಲೆ, ದೋಣಿಯ ಹಿಂಗೋಡೆಗೆ ಹೊರಗಿನಿಂದ ತಗುಲಿಸುವ 60 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಸುಮಾರು 110 ಕಿಲೋ. ಟ್ಯಾಂಕಿನಲ್ಲಿ 50 ಲೀಟರ್ ಪೆಟ್ರೋಲ್ ಇದ್ದರೆ 37 ಕಿಲೋ. ಬ್ಯಾಟರಿ, ಲಂಗರು, ಹಗ್ಗ, ಲೈಫ್ ಜಾಕೆಟ್, ಮಂಜುಗಡ್ಡೆಯ ಪೆಟ್ಟಿಗೆ ಎಲ್ಲ ಸೇರಿ 60. ಟ್ರೇಲರ್‌ನದೇ 250. ಕೂಡಿಸಿ ನೋಡಿ, 850 ದಾಟಿತು. ಹಳೆಯ ದೋಣಿಯಾದರೆ ನೆಲಹಾಸಿನ ಕೆಳಗಿನ ಫೋಮ್ ವರ್ಷಗಟ್ಟಲೆ ನೀರು ಕುಡಿದು ಇನ್ನಷ್ಟು ಭಾರವಾಗಿರುತ್ತದೆ. ಅದು ಯಾವ ಕಾಗದದಲ್ಲೂ ಇರುವುದಿಲ್ಲ.

ಊಹೆ ಬೇಡ. ಪೀಣ್ಯದ ಸುತ್ತ, ತುಮಕೂರು ರಸ್ತೆಯ ಉದ್ದಕ್ಕೂ ವೇಬ್ರಿಡ್ಜ್‌ಗಳಿವೆ. ಪ್ರಯಾಣಕ್ಕೆ ಸಜ್ಜಾದ ಸ್ಥಿತಿಯಲ್ಲೇ ಟ್ರೇಲರನ್ನು ಕಳಚಿ ಒಂದು ಬಾರಿ, ಕಾರಿಗೆ ಕೂಡಿಸಿ ಇನ್ನೊಂದು ಬಾರಿ ತೂಗಿಸಿ ಚೀಟಿ ತೆಗೆದುಕೊಳ್ಳಿ. ಇಡೀ ಸಿದ್ಧತೆಯಲ್ಲಿ ಇಷ್ಟು ಅಗ್ಗದ ಕೆಲಸ ಬೇರೆ ಇಲ್ಲ, ಆದರೂ ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಇಷ್ಟೆಲ್ಲ ಪಾಡು ಏಕೆ? ಲಾರಿಯಲ್ಲಿ ಹಾಕಿ ಕಳುಹಿಸಿದರೆ ಆಗದೇ?

ಆಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಕರಾವಳಿಗೆ ಹೋಗುವವರಿಗೆ ಅದೇ ಮೇಲು. ಟ್ರೇಲರ್ ಕೊಳ್ಳುವುದು, ಹಿಚ್ (ಟ್ರೇಲರ್ ಕೂಡಿಸಲು ಕಾರಿನ ಹಿಂಬದಿಗೆ ಹಾಕುವ ಕೊಂಡಿ) ಹಾಕಿಸುವುದು, ನೋಂದಣಿ, ವಿಮೆ, ಸಾಲದ್ದಕ್ಕೆ ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸುವ ಜಾಗ: ಇಷ್ಟರ ಮುಂದೆ ಲಾರಿ ಬಾಡಿಗೆ ಅಗ್ಗವೇ ಆಗಬಹುದು. ತೊಂದರೆ ಇರುವುದು ಏರಿಸಿ ಇಳಿಸುವಲ್ಲಿ. ಎರಡೂ ತುದಿಯಲ್ಲಿ ಕ್ರೇನ್ ಬೇಕು, ಫೈಬರ್ ಮೈಗೆ ಬರಿಯ ಹಗ್ಗದ ಬದಲು ಅಗಲವಾದ ಬೆಲ್ಟ್ ಹಾಕಿಯೇ ಎತ್ತಬೇಕು, ಲಾರಿಯ ಹಲಗೆಗೂ ದೋಣಿಗೂ ನಡುವೆ ಹಳೆಯ ಟೈರ್ ಅಥವಾ ಮರದ ತೊಟ್ಟಿಲು ಇರಬೇಕು. ಮುಂದಿನದೆಲ್ಲ ಎಳೆದೊಯ್ಯುವುದೇ ಸರಿ ಎಂದು ತೀರ್ಮಾನಿಸಿದವರಿಗೆ.

ಟ್ರೇಲರ್‌ಗೆ ನೋಂದಣಿ ಬೇಕೇ?

ಬೇಕು. 1988ರ ಮೋಟಾರು ವಾಹನಗಳ ಕಾಯ್ದೆ ಟ್ರೇಲರನ್ನು ಪ್ರತ್ಯೇಕ ವಾಹನವೆಂದೇ ಎಣಿಸುತ್ತದೆ; ಅದಕ್ಕೆ ತನ್ನದೇ ನೋಂದಣಿ ಸಂಖ್ಯೆ ಇರಬೇಕು. ಅದೇ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಎಳೆಯುವ ಕಾರಿನ ಸಂಖ್ಯೆಯೂ ಟ್ರೇಲರ್ ಮೇಲೆ ಕಾಣಬೇಕು. ಲೇತ್ ಅಂಗಡಿಯಲ್ಲಿ ಬೆಸುಗೆ ಹಾಕಿಸಿದ ಚೌಕಟ್ಟಿಗೆ ಆರ್‌ಟಿಒ ಕಚೇರಿಯಲ್ಲಿ ನೋಂದಣಿ ಸಿಗುವುದು ಸುಲಭವಲ್ಲ. ಆದ್ದರಿಂದ ಟ್ರೇಲರ್ ಮಾಡಿಸುವ ಮೊದಲೇ ಆರ್‌ಟಿಒದಲ್ಲಿ ಕೇಳಿ, ನಿಮ್ಮ ಚಾಲನಾ ಪರವಾನಗಿ ಸಾಕೇ ಎಂಬುದನ್ನೂ ಅಲ್ಲೇ ಬಗೆಹರಿಸಿಕೊಳ್ಳಿ.

ಅಳತೆಯ ವಿಷಯದಲ್ಲಿ ಎರಡು ಮಾತು. ರಸ್ತೆಯಲ್ಲಿ ವಾಹನದ ಅಗಲ 2.6 ಮೀಟರ್ ಮೀರಬಾರದು; ಈ ಪುಟದ ದೋಣಿಗಳು ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಉದ್ದವೇ ತಕರಾರಿನದು. ಹೊರೆ ಅನುಮತಿಸಿದ ಮಿತಿಯನ್ನು ಮೀರಿ ಹಿಂದಕ್ಕೋ ಪಕ್ಕಕ್ಕೋ ಚಾಚಿಕೊಂಡಿದ್ದರೆ 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಜೊತೆಗೆ ಹೊರೆ ಇಳಿಸುವ ಖರ್ಚು. ಎಂಜಿನ್ ಮೇಲೆತ್ತಿದಾಗ ಅದರ ಪ್ರೊಪೆಲರ್ ಎಲ್ಲಿಗೆ ಬರುತ್ತದೆ ಎಂದು ಅಳೆದ ಮೇಲೆಯೇ ಟ್ರೇಲರ್‌ನ ಉದ್ದ ನಿರ್ಧರಿಸಿ.

ದೋಣಿಗೆ ಬೇರೆಯೇ ಕಾನೂನಿದೆ. ಎಂಜಿನ್ ಇರುವ ಒಳನಾಡು ನೌಕೆಗಳ ನೋಂದಣಿ ಮತ್ತು ತಪಾಸಣೆಯನ್ನು 2021ರ ಒಳನಾಡು ನೌಕೆಗಳ ಕಾಯ್ದೆ ನೋಡಿಕೊಳ್ಳುತ್ತದೆ. ವಿಮೆ ಕಂಪನಿಗೆ ಟ್ರೇಲರ್ ವಿಷಯ ಬರವಣಿಗೆಯಲ್ಲೇ ತಿಳಿಸಿ. ಕಾರಿನ ಪಾಲಿಸಿ ಟ್ರೇಲರನ್ನೂ ದೋಣಿಯನ್ನೂ ತಾನಾಗಿ ಒಳಗೊಳ್ಳುತ್ತದೆ ಎಂದು ನಂಬಿಕೊಂಡು ಹೊರಡಬೇಡಿ.

ಕೊಂಡಿಯ ಮೇಲೆ ಎಷ್ಟು ಭಾರ ಬೀಳಬೇಕು?

ಒಟ್ಟು ಭಾರದ ಶೇ 7ರಿಂದ 10. ನಮ್ಮ 850 ಕಿಲೋ ಉದಾಹರಣೆಯಲ್ಲಿ ಅದು 60ರಿಂದ 85 ಕಿಲೋ.

ಎತ್ತಿನ ಗಾಡಿಗೆ ಹೇರು ಹೇರಿ ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಎಳೆಯುತ್ತದೆ, ಮುಂಭಾರ ಹೆಚ್ಚಾದರೆ ಹೆಗಲು ಕುಸಿಯುತ್ತದೆ. ಟ್ರೇಲರ್‌ನಲ್ಲಿ ಹಿಂಭಾರ ಹೆಚ್ಚಾದಾಗ ಆಗುವುದು ಇನ್ನೂ ಕೆಟ್ಟದ್ದು. ಕೊಂಡಿ ಹಗುರಾಗಿ ಕಾರಿನ ಹಿಂಬದಿಯನ್ನು ಮೇಲಕ್ಕೆತ್ತುತ್ತದೆ, ವೇಗ ಏರಿದಂತೆ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡತೊಡಗುತ್ತದೆ, ಪ್ರತಿ ಓಲಾಟ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಮುಂಭಾರ ಮಿತಿಮೀರಿದರೆ ಕಾರಿನ ಮೂತಿ ಮೇಲೇಳುತ್ತದೆ. ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟೀರಿಂಗ್ ಹಗುರವಾಗುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ.

ಅಳೆಯಲು ಮನೆಯಲ್ಲಿ ಮೈತೂಕ ನೋಡುವ ಯಂತ್ರ ಸಾಕು. ಸಮತಟ್ಟಾದ ಜಾಗದಲ್ಲಿ ಟ್ರೇಲರ್ ಚಕ್ರಗಳಿಗೆ ಅಡ್ಡಗಟ್ಟೆ ಇಡಿ. ತೂಕದ ಯಂತ್ರದ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಕಾರಿನ ಹಿಚ್ ಇರುವ ಎತ್ತರಕ್ಕೇ ಟ್ರೇಲರ್‌ನ ಮೂತಿಯನ್ನು ಅದರ ಮೇಲೆ ಇಳಿಸಿ, ಅಂಕಿ ಓದಿ. ಎತ್ತರ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಕಡಿಮೆ ಬಂದರೆ ಬ್ಯಾಟರಿ, ಲಂಗರು, ಇಂಧನದ ಡಬ್ಬಿಗಳನ್ನು ಮುಂದಕ್ಕೆ ಸರಿಸಿ ನೋಡಿ. ಅದೂ ಸಾಲದಿದ್ದರೆ ವಿಂಚ್ (ದೋಣಿಯನ್ನು ಟ್ರೇಲರ್ ಮೇಲೆ ಎಳೆಯುವ ರಾಟೆ) ಇರುವ ಕಂಬವನ್ನು ಮುಂದಕ್ಕೆ ಕೂಡಿಸಿ ದೋಣಿಯನ್ನೇ ಸರಿಸಬೇಕು, ಅಥವಾ ಆಕ್ಸಲನ್ನು ಹಿಂದಕ್ಕೆ ತರಬೇಕು. ದೋಣಿಯನ್ನು ಮುಂದಕ್ಕೆ ತಂದಾಗ ಎಂಜಿನ್ ಹೊತ್ತ ಹಿಂಭಾಗದ ಕೆಳಗೆ ಆಧಾರ ಉಳಿದಿದೆಯೇ ನೋಡಿಕೊಳ್ಳಿ. ಗಾಳಿಯಲ್ಲಿ ತೂಗುವ ಹಿಂಭಾಗ ಕೆಟ್ಟ ರಸ್ತೆಯಲ್ಲಿ ಬಿರುಕು ಬಿಡುತ್ತದೆ.

ಟ್ರೇಲರ್ ಓಲಾಡತೊಡಗಿದರೆ ಏನು ಮಾಡಬೇಕು?

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟೀರಿಂಗ್ ನೇರ ಹಿಡಿಯಿರಿ, ವೇಗ ತಾನಾಗಿ ಇಳಿಯಲಿ. ಟ್ರೇಲರ್‌ಗೆ ವಿದ್ಯುತ್ ಬ್ರೇಕ್ ಇದ್ದು, ಅದರ ಗುಂಡಿ ಕೈಗೆ ಎಟಕುವಂತಿದ್ದರೆ ಅದೊಂದನ್ನು ಮಾತ್ರ ಒತ್ತಿ. ಕಾರಿನ ಬ್ರೇಕ್ ಜೋರಾಗಿ ತುಳಿಯುವುದು, ಓಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸುವುದು, ಎಳೆದು ನೇರ ಮಾಡೋಣವೆಂದು ವೇಗ ಹೆಚ್ಚಿಸುವುದು: ಗಾಬರಿಯಲ್ಲಿ ಕೈಕಾಲು ತಾವಾಗಿ ಮಾಡುವ ಈ ಮೂರೂ ಕೆಲಸಗಳಿಂದ ವಾಹನ ಮಗುಚುತ್ತದೆ. ಓಲಾಟ ನಿಂತ ಮೇಲೆ ರಸ್ತೆಯಿಂದ ಪೂರ್ತಿ ಇಳಿಸಿ ನಿಲ್ಲಿಸಿ ಭಾರ, ಟೈರ್ ಗಾಳಿ, ಕೊಂಡಿ ನೋಡಿ. ಕಾರಣ ಸಿಗದಿದ್ದರೆ ಓಲಾಟ ಶುರುವಾದ ವೇಗಕ್ಕಿಂತ ಸಾಕಷ್ಟು ಕೆಳಗೇ ಉಳಿದ ದಾರಿ ಮುಗಿಸಿ.

ಗಾಳಿಗೂ ಇದರಲ್ಲಿ ಪಾಲಿದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಸುತ್ತ ಬೆಟ್ಟಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಅಲ್ಲಿ ಅಡ್ಡಗಾಳಿ ಬೀಸುತ್ತಿರುವಾಗ ವೋಲ್ವೊ ಬಸ್ಸೊಂದು ಪಕ್ಕದಿಂದ ಹಾದುಹೋದರೆ ಟ್ರೇಲರ್ ಮೊದಲು ಬಸ್ಸಿನಿಂದ ಆಚೆಗೆ ತಳ್ಳಲ್ಪಟ್ಟು, ಮರುಕ್ಷಣವೇ ಅದರತ್ತ ಸೆಳೆಯಲ್ಪಡುತ್ತದೆ. ಕನ್ನಡಿಯಲ್ಲಿ ಬಸ್ಸು ಕಂಡ ಕೂಡಲೇ ವೇಗ ಇಳಿಸಿಕೊಂಡಿದ್ದರೆ ಇದು ಗಮನಕ್ಕೂ ಬರುವುದಿಲ್ಲ.

ಹಿಚ್ ಎಲ್ಲಿ ಹಾಕಿಸುವುದು?

ಜೆ.ಸಿ. ರಸ್ತೆಯಲ್ಲಿ ಸಿಗುವ ಬಿಡಿಭಾಗಗಳಲ್ಲಿ ನೋಟಕ್ಕೆಂದು ಮಾಡಿದ್ದೂ ಇರುತ್ತದೆ, ಕೆಲಸದ್ದೂ ಇರುತ್ತದೆ. ಬಂಪರ್‌ಗೆ ಮಾತ್ರ ಬೋಲ್ಟ್ ಮಾಡುವುದು ಅಲಂಕಾರ. ಕೆಲಸದ ಹಿಚ್ ಕಾರಿನ ಚಾಸಿಗೆ ಬಿಗಿಯುತ್ತದೆ, ಅದರ ಮೇಲೆ ಎಳೆಯುವ ಭಾರ ಮತ್ತು ಕೊಂಡಿಯ ಭಾರ ಎರಡೂ ಅಚ್ಚಾಗಿರುತ್ತವೆ.

ಹಿಚ್‌ನ ಬಾಲ್ ಮತ್ತು ಟ್ರೇಲರ್‌ನ ಕಪ್ ಒಂದೇ ಅಳತೆಯವಾಗಿರಬೇಕು. ಇಲ್ಲಿ ಹೆಚ್ಚಾಗಿ ಕಾಣುವುದು 50 ಮಿಲಿಮೀಟರ್ ಬಾಲ್. ಚಿಕ್ಕ ಬಾಲ್ ಮೇಲೆ ದೊಡ್ಡ ಕಪ್ ಕೂತಂತೆ ಕಂಡರೂ ಮೊದಲ ದೊಡ್ಡ ಗುಂಡಿಯಲ್ಲಿ ಎಗರಿ ಕಳಚುತ್ತದೆ. ಕೂಡಿಸಿದ ಮೇಲೆ ಮೂತಿಯ ಜಾಕಿಯಿಂದ ಮೇಲೆತ್ತಿ ನೋಡಿ: ಕಾರಿನ ಹಿಂಬದಿಯೂ ಜೊತೆಗೆ ಏಳಬೇಕು. ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟಿ. ಕೊಂಡಿ ಕಳಚಿದರೆ ಮೂತಿ ರಸ್ತೆಗೆ ಕುಕ್ಕುವ ಬದಲು ಆ ಕತ್ತರಿಯಲ್ಲಿ ಕೂರುತ್ತದೆ. ತಿರುವಿಗೆ ಬೇಕಾದಷ್ಟು ಸಡಿಲವಿರಲಿ, ನೆಲಕ್ಕೆ ತಾಗುವಷ್ಟು ಬೇಡ. ಟ್ರೇಲರ್‌ಗೆ ಬ್ರೇಕ್ ಇದ್ದರೆ, ಕಳಚಿಕೊಂಡಾಗ ಬ್ರೇಕ್ ಎಳೆಯುವ ತೆಳು ಕೇಬಲ್ ಒಂದು ಇರುತ್ತದೆ. ಅದನ್ನು ಸರಪಳಿಗೆ ಸಿಕ್ಕಿಸದೆ ಕಾರಿಗೇ ಕಟ್ಟಿ.

ವಿಂಚ್ ಬಿಗಿಯಾಗಿದೆ. ದೋಣಿ ಕಟ್ಟಲು ಅಷ್ಟು ಸಾಲದೇ?

ಸಾಲದು. ವಿಂಚ್ ಇರುವುದು ದೋಣಿಯನ್ನು ಟ್ರೇಲರ್ ಮೇಲೆ ಎಳೆದುಕೊಳ್ಳಲು. ದಾರಿಯಲ್ಲಿ ದೋಣಿಯ ಮುಂಭಾಗದ ಕಣ್ಣಿಗೆ (ಲೋಹದ ಬಳೆಗೆ) ಪ್ರತ್ಯೇಕ ಸರಪಳಿ, ಹಿಂಭಾಗದ ಎರಡೂ ಮೂಲೆಗಳಿಂದ ಟ್ರೇಲರ್ ಚೌಕಟ್ಟಿಗೆ ಎರಡು ರ‍್ಯಾಚೆಟ್ ಬೆಲ್ಟ್, ಇಷ್ಟು ಇರಲೇಬೇಕು. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ. ಬೆಲ್ಟ್ ದೋಣಿಯ ಅಂಚಿಗೆ ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡು ಇಡಿ. ನೆರಳಿನ ಛಾವಣಿಯನ್ನು ಮಡಚಿದರೆ ಸಾಲದು, ಬಿಚ್ಚಿ ಕಾರಿನಲ್ಲಿಡಿ.

ಔಟ್‌ಬೋರ್ಡ್ ಎಂಜಿನ್ ಮೇಲೆತ್ತಿರಬೇಕೇ, ಕೆಳಗಿಳಿಸಿರಬೇಕೇ?

ನೆಲದಿಂದ ಸಾಕಷ್ಟು ಎತ್ತರ ಸಿಗುವುದಾದರೆ ನೇರವಾಗಿ ಕೆಳಗೇ ಇರಲಿ. ದೋಣಿಯ ಹಿಂಗೋಡೆಗೆ ಆಯಾಸ ಕಡಿಮೆ. ಆದರೆ ನಮ್ಮ ರಸ್ತೆಯುಬ್ಬುಗಳ ಎತ್ತರಕ್ಕೆ ಹೇಳಕೇಳುವವರಿಲ್ಲವಾದ್ದರಿಂದ ಹೆಚ್ಚಿನವರು ಎತ್ತಲೇಬೇಕಾಗುತ್ತದೆ. ಆಗ ಎಂಜಿನ್‌ನ ಕಾಲಿನಿಂದ ಟ್ರೇಲರ್‌ಗೆ ಒಂದು ಆನಿಕೆ ಕೋಲು ಕೊಡಿ. ಎಂಜಿನ್ ಜೊತೆ ಬಂದಿರುವ ಚಿಕ್ಕ ಲಿವರ್ ನಿಂತಲ್ಲಿ ಆಧಾರವಾಗಲು ಮಾಡಿದ್ದು, ನೂರಾರು ಕಿಲೋಮೀಟರ್ ಕುಲುಕಾಟಕ್ಕಲ್ಲ.

ದಾರಿಯಲ್ಲಿ ಹೆಚ್ಚಾಗಿ ಕೈಕೊಡುವುದು ಯಾವುದು?

ಚಕ್ರದ ಬೇರಿಂಗ್. ಹೆದ್ದಾರಿ ಪಕ್ಕದಲ್ಲಿ ಒಂದು ಚಕ್ರವಿಲ್ಲದೆ ವಾಲಿ ನಿಂತ ದೋಣಿ ಟ್ರೇಲರ್ ಎಲ್ಲಾದರೂ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಬೇರೆ ಟ್ರೇಲರ್‌ಗಳಿಗಿಲ್ಲದ ಕಷ್ಟ ದೋಣಿ ಟ್ರೇಲರ್‌ಗಿದೆ: ಅದು ನೀರಿನಲ್ಲಿ ಮುಳುಗುತ್ತದೆ. ನೂರಾರು ಕಿಲೋಮೀಟರ್ ಓಡಿ ಬಿಸಿಯಾದ, ಚಕ್ರದ ನಡುವೆ ಬೇರಿಂಗ್ ಕೂರುವ ಹಬ್‌ಗಳನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್‌ನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಉಪ್ಪು ನೀರಾದರೆ ಮುಂದಿನದು ಹೇಳಬೇಕಾಗಿಲ್ಲ. ದೋಣಿಯ ಆಟ ಮುಗಿಸಿ ಮನೆಗೆ ತಂದು ತಿಂಗಳುಗಟ್ಟಲೆ ನಿಲ್ಲಿಸಿದಾಗ ಒಳಗೆ ತುಕ್ಕು ಹಿಡಿಯುತ್ತದೆ, ಮುಂದಿನ ಪ್ರಯಾಣದಲ್ಲಿ ಆ ಬೇರಿಂಗ್ ಅರೆಯುತ್ತ ಕಾದು ಕೊನೆಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಹಾಳಾಗುವುದು ಈ ಪ್ರಯಾಣದಲ್ಲಾದರೂ ಅದರ ಕಾರಣ ಕಳೆದ ಪ್ರಯಾಣದಲ್ಲಿರುತ್ತದೆ.

ದೂರ ಹೊರಡುವ ಮುಂಚೆ ಚಕ್ರವನ್ನು ಜಾಕಿ ಹಾಕಿ ಎತ್ತಿ ಕೈಯಿಂದ ತಿರುಗಿಸಿ. ಗರಗರ ಸದ್ದು ಬಂದರೆ ಬಿಚ್ಚಿಸಿ. ಟೈರಿನ ಮೇಲಂಚು ಕೆಳಂಚು ಹಿಡಿದು ಅಲುಗಿಸಿದಾಗ ಲಟಲಟ ಎಂದರೂ ಅಷ್ಟೇ. ಗ್ರೀಸ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಅರ್ಥ. ನೀರಿಗೆ ತಡೆಯುವ ಮರೀನ್ ಗ್ರೀಸನ್ನೇ ತುಂಬಿಸಿ, ಸೀಲನ್ನೂ ಬದಲಿಸಿ. ಒಂದು ಜೊತೆ ಬೇರಿಂಗ್, ಸೀಲ್, ಸ್ಪ್ಲಿಟ್ ಪಿನ್, ಗ್ರೀಸ್ ಡಬ್ಬಿ ಕಾರಿನಲ್ಲಿರಲಿ. ಹಾಸನದಲ್ಲಿ ಲಾರಿ ಬೇರಿಂಗ್ ಎಷ್ಟು ಬೇಕಾದರೂ ಸಿಗುತ್ತದೆ. ನಿಮ್ಮ ಟ್ರೇಲರ್‌ನದು ಸಿಗುವ ಭರವಸೆಯಿಲ್ಲ.

ದಾರಿಯಲ್ಲಿ ನಿಂತಾಗಲೆಲ್ಲ ಎರಡೂ ಹಬ್‌ಗಳ ಹತ್ತಿರ ಅಂಗೈಯ ಹಿಂಬದಿ ತಂದು ನೋಡಿ. ಬೆಚ್ಚಗಿದ್ದರೆ ಸರಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾರದಷ್ಟು ಬಿಸಿ ಇದ್ದರೆ ಅಲ್ಲೇ ನಿಲ್ಲಿ. ತಲುಪಿದ ಮೇಲೆ ಹಬ್ ತಣಿಯುವವರೆಗೆ ಒಂದು ಚಹಾ ಕುಡಿದು, ಆಮೇಲೆ ನೀರಿಗೆ ಇಳಿಸಿ.

ಟೈರ್ ಹೊಸದರಂತೇ ಇದೆ. ಬದಲಿಸಬೇಕೇ?

ಸವೆತ ನೋಡಬೇಡಿ, ವಯಸ್ಸು ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 3519 ಎಂದಿದ್ದರೆ 2019ರ 35ನೇ ವಾರ ತಯಾರಾದದ್ದು. ಐದಾರು ವರ್ಷ ಬಿಸಿಲಿನಲ್ಲಿ ನಿಂತ ಟೈರ್ ಮೇಲೆ ಸವೆಯದಿದ್ದರೂ ಒಳಗೆ ಬಿರುಕು ಬಿಟ್ಟಿರುತ್ತದೆ. ಗಾಳಿಯನ್ನು ಟೈರ್ ತಣ್ಣಗಿರುವಾಗ, ಭಾರಕ್ಕೆ ತಕ್ಕಂತೆ ತಯಾರಕರು ಹೇಳಿದಷ್ಟು ತುಂಬಿಸಿ. ಗಾಳಿ ಕಡಿಮೆಯಾದ ಟೈರ್ ಕಾದು ಸಿಡಿಯುತ್ತದೆ. ಸ್ಟೆಪ್ನಿ ಟ್ರೇಲರ್‌ನದೇ ಬೇರೆ ಬೇಕು. ಕಾರಿನ ಜಾಕಿ ಟ್ರೇಲರ್ ಕೆಳಗೆ ನಿಲ್ಲುತ್ತದೆಯೇ, ಕಾರಿನ ಪಾನಾ ಅದರ ನಟ್‌ಗೆ ಕೂರುತ್ತದೆಯೇ ಎಂಬುದನ್ನು ಮನೆಯ ಮುಂದೆಯೇ ಪರೀಕ್ಷಿಸಿ. ಚಕ್ರ ಬಿಚ್ಚಿ ಹಾಕಿದ್ದರೆ 80 ಕಿಲೋಮೀಟರ್ ಆದ ಮೇಲೆ ನಟ್‌ಗಳನ್ನು ಮತ್ತೊಮ್ಮೆ ಬಿಗಿಯಿರಿ.

ಬೆಂಗಳೂರಿನಿಂದ ಹೊರಬೀಳುವುದು ಹೇಗೆ?

ನಸುಕಿನಲ್ಲಿ. ನಾಲ್ಕೂವರೆಗೆ ಹೊರಟು ಬೆಳಕು ಹರಿಯುವ ಮುನ್ನ ನೆಲಮಂಗಲ ದಾಟಿ. ದಕ್ಷಿಣದ ಬಡಾವಣೆಗಳವರು ನೈಸ್ ರಸ್ತೆ ಹಿಡಿದು ತುಮಕೂರು ರಸ್ತೆ ಸೇರಿದರೆ ಒಳನಗರದ ತಿರುವುಗಳು ತಪ್ಪುತ್ತವೆ. ಕಾರು ಟ್ರೇಲರ್ ಸೇರಿ 11 ಮೀಟರ್ ಉದ್ದ. ಟ್ರೇಲರ್ ಚಕ್ರ ಯಾವಾಗಲೂ ಕಾರಿಗಿಂತ ಒಳಗಿನಿಂದ ತಿರುಗುತ್ತದೆ, ಮೂಲೆಯಲ್ಲಿ ನಿಲ್ಲಿಸಿದ ಸ್ಕೂಟರ್‌ಗಳು ಅದಕ್ಕೆ ಸಿಗುತ್ತವೆ. ಬಡಾವಣೆಯ ರಸ್ತೆಗಳಲ್ಲಿ ಕಂಬದಿಂದ ಕಂಬಕ್ಕೆ ಜೋತಾಡುವ ಇಂಟರ್‌ನೆಟ್ ಕೇಬಲ್‌ಗಳನ್ನೂ ನೋಡಿಕೊಳ್ಳಿ. ಆಂಟೆನಾ ಕೋಲು ಇದ್ದರೆ ಮಡಚಿಡಿ. ಮೂತಿಯ ಪುಟ್ಟ ಚಕ್ರವನ್ನು ಪೂರ್ತಿ ಮೇಲೆತ್ತಿ ಬಿಗಿಯದಿದ್ದರೆ ಅದನ್ನು ಮೊದಲ ರಸ್ತೆಯುಬ್ಬೇ ಕಿತ್ತುಕೊಳ್ಳುತ್ತದೆ.

ಯಾವ ಘಾಟಿ?

ಮಂಗಳೂರು, ಮಲ್ಪೆ ಕಡೆಗಾದರೆ ಶಿರಾಡಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75. ಘಾಟಿಯ ರಸ್ತೆ ಕಾಂಕ್ರೀಟಿನದು, ತಿರುವುಗಳು ತಕ್ಕಮಟ್ಟಿಗೆ ಅಗಲ. ತೊಂದರೆ ಎಂದರೆ ಬಂದರಿನ ಟ್ಯಾಂಕರ್‌ಗಳೂ ಕಂಟೈನರ್ ಲಾರಿಗಳೂ ನಿಮ್ಮ ಜೊತೆಗೇ ಇಳಿಯುತ್ತಿರುತ್ತವೆ.

ಆಗುಂಬೆ ಬೇಡವೇ ಬೇಡ. 14 ಹೇರ್‌ಪಿನ್ ತಿರುವುಗಳಿವೆ, ಭಾರೀ ವಾಹನಗಳಿಗೆ ನಿಷೇಧವಿದೆ. ನಿಮ್ಮದು ಭಾರೀ ವಾಹನವಲ್ಲ ಎಂದು ವಾದಿಸಿ ಗೆಲ್ಲಬಹುದು, ತಿರುವಿನ ನಡುವೆ ಎದುರಿನಿಂದ ಬಸ್ಸು ಬಂದಾಗ ಟ್ರೇಲರ್ ಸಮೇತ ಹಿಂದಕ್ಕೆ ಸರಿಯಲಾಗುವುದಿಲ್ಲ. ಚಾರ್ಮಾಡಿಗೂ ಇದೇ ಮಾತು. ಸಂಪಾಜೆಯಲ್ಲಿ ಹೋಗಬಹುದು, ಆದರೆ ಮಡಿಕೇರಿಯ ಪ್ರವಾಸಿಗರ ದಟ್ಟಣೆಯನ್ನೂ ಹೊತ್ತುಕೊಂಡು. ಕಾರವಾರಕ್ಕೆ ಹೊರಟವರು ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟಿಯಿಂದ ಅಂಕೋಲಾಕ್ಕೆ ಇಳಿಯುವುದು ರೂಢಿ. ದೂರ ಹೆಚ್ಚು, ಅದರ ಬಹುಪಾಲು ಚತುಷ್ಪಥ.

ಕೇರಳದ ಹಿನ್ನೀರಿಗೆ ಬಂಡೀಪುರದ ಮೂಲಕ ಹೊರಟವರಿಗೆ ನೆನಪಿರಲಿ: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ದಾರಿ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತದೆ. ಗೇಟಿನ ಮುಂದೆ 11 ಮೀಟರ್ ಉದ್ದದ ಜೋಡಿಯನ್ನು ಹಿಂದಕ್ಕೆ ತಿರುಗಿಸುವುದು ಮರೆಯಲಾಗದ ಅನುಭವ.

ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬಂದರೆ?

ವಾಸನೆ ಬಂದಿತೆಂದರೆ ತಡವಾಗಿದೆ. ಇಳಿಜಾರು ಶುರುವಾಗುವ ಮುನ್ನವೇ ಕೆಳಗಿನ ಗೇರಿಗೆ ಬನ್ನಿ, ಎರಡನೆಯದೋ ಮೂರನೆಯದೋ, ಬ್ರೇಕ್ ಮೇಲೆ ಕಾಲಿಡದೆಯೇ ವೇಗ ಏರದಿರುವಂಥದ್ದು. ಆಟೊಮ್ಯಾಟಿಕ್ ಕಾರಾದರೆ ಕೈಯಿಂದ ಗೇರ್ ಹಿಡಿದಿಡುವ ಸ್ಥಾನಕ್ಕೆ ತನ್ನಿ. ಬ್ರೇಕನ್ನು ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಟ್ಟು, ತಣಿಯಲು ಬಿಡಿ. ವಾಸನೆ ಬಂದೇ ಬಿಟ್ಟರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ಅರ್ಧ ಗಂಟೆ ಕಾಯಿರಿ. ಬ್ರೇಕ್ ಮೇಲೆ ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಟ್ರೇಲರ್ ಕಾರನ್ನು ತಳ್ಳಿದಾಗ ತಾನಾಗಿ ಹಿಡಿಯುವ ಸರ್ಜ್ ಬ್ರೇಕ್ ನಿಮ್ಮಲ್ಲಿದ್ದರೆ ಅದು ಇಳಿಜಾರಿನಲ್ಲಿ ಆಗಾಗ ಕೆಲಸ ಮಾಡುತ್ತಲೇ ಇರುತ್ತದೆ. ಹೊರಡುವ ಮೊದಲು ಅದರ ಎಣ್ಣೆಯ ಮಟ್ಟ ನೋಡಿರಿ.

ಎಷ್ಟು ವೇಗದಲ್ಲಿ ಹೋಗಬಹುದು?

ಚತುಷ್ಪಥದಲ್ಲಿ 80, ದ್ವಿಪಥದಲ್ಲಿ 60, ಘಾಟಿಯಲ್ಲಿ 30. ಫಲಕ ಇದಕ್ಕಿಂತ ಕಡಿಮೆ ಹೇಳಿದರೆ ಫಲಕದ ಮಾತೇ ಕೊನೆ. ವೇಗ 60ರಿಂದ 80ಕ್ಕೆ ಏರಿದಾಗ ಬ್ರೇಕ್ ಕರಗಿಸಬೇಕಾದ ಶಕ್ತಿ ಸುಮಾರು 1.8 ಪಟ್ಟಾಗುತ್ತದೆ. ಉಳಿಯುವ ಸಮಯವೋ, ನೂರು ಕಿಲೋಮೀಟರಿಗೆ 25 ನಿಮಿಷ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ, ಆಟೊ, ಹೈಡ್ರಾಲಿಕ್ ಟ್ರೇಲರ್, ಟ್ರ್ಯಾಕ್ಟರ್‌ಗಳಿಗೆ ನಿಷೇಧವಿದೆ. ಆ ಪಟ್ಟಿಯಲ್ಲಿರುವ ಹೈಡ್ರಾಲಿಕ್ ಟ್ರೇಲರ್ ಎಂದರೆ ಸೇತುವೆಯ ತೊಲೆ, ಟ್ರಾನ್ಸ್‌ಫಾರ್ಮರ್ ಸಾಗಿಸುವ ಬಹು ಆಕ್ಸಲ್ ದೈತ್ಯಗಳು, ನಿಮ್ಮದಲ್ಲ. ಪ್ರವೇಶದಲ್ಲಿ ಯಾರಾದರೂ ತಡೆದರೆ ಟ್ರೇಲರ್‌ನ ನೋಂದಣಿ ಪತ್ರ ಕೈಯಲ್ಲಿರಲಿ.

ಟೋಲ್‌ನಲ್ಲಿ ಏನಾಗುತ್ತದೆ?

ಫಾಸ್ಟ್ಯಾಗ್ ಕಾರಿನದು, ಆದರೆ ಹಾದುಹೋಗುವುದು ಮೂರು ಆಕ್ಸಲ್. ಸಿಬ್ಬಂದಿ ಗೊಂದಲಕ್ಕೆ ಬೀಳುವುದುಂಟು. ಅಂಚಿನ ಅಗಲ ಲೇನಿನಲ್ಲೇ ಹೋಗಿ, ಗೇಟಿನ ಕೋಲು ಟ್ರೇಲರ್ ಮೇಲೆ ಇಳಿಯದಂತೆ ಕೈಸನ್ನೆ ಮಾಡಿ ಹೇಳಿ. ಹೆಚ್ಚು ಕಡಿತವಾದರೆ ರಸೀದಿ ಇಟ್ಟುಕೊಂಡು 1033ಕ್ಕೆ ದೂರು ಕೊಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೂ ಅದೇ ಸಂಖ್ಯೆ.

ಮಳೆಗಾಲದಲ್ಲಿ ಹೋಗಬಹುದೇ?

ಹೋಗಿ ಏನು ಮಾಡುತ್ತೀರಿ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ಕರ್ನಾಟಕ ಕರಾವಳಿಯಲ್ಲಿ ನಿಷೇಧವಿರುತ್ತದೆ. ಹುಟ್ಟಿನಿಂದ ಸಮುದ್ರ ಕಂಡವರೇ ದೋಣಿ ದಡಕ್ಕೆಳೆದು ಬಲೆ ಹೆಣೆಯುತ್ತ ಕೂರುವ ಕಾಲವದು. ದಾರಿಯೂ ಹಾಗೆಯೇ: ಸಕಲೇಶಪುರದ ಬಳಿಯ ದೋಣಿಗಾಲ್‌ನಲ್ಲಿ ಮಳೆಗಾಲದಲ್ಲಿ ರಸ್ತೆ ಕುಸಿದದ್ದಿದೆ, 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿ 66ರ ಮೇಲೆ ಜಾರಿ ಜೀವಗಳು ಹೋದವು. ಅಕ್ಟೋಬರ್ ಕಳೆಯಲಿ.

ಕತ್ತಲೆಯಲ್ಲಿ?

ತಪ್ಪಿಸಿ. ತಪ್ಪಿಸಲಾಗದಿದ್ದರೆ ದೀಪಗಳನ್ನು ಹೊರಡುವ ಮುನ್ನ ಒಬ್ಬರನ್ನು ಹಿಂದೆ ನಿಲ್ಲಿಸಿ ನೋಡಿ: ಹಿಂದೀಪ, ಬ್ರೇಕ್, ಎಡ, ಬಲ. ಒಂದು ಹಚ್ಚಿದಾಗ ಇನ್ನೊಂದು ಮಂಕಾದರೆ ಅರ್ಥಿಂಗ್ ತಂತಿ ತುಕ್ಕು ಹಿಡಿದಿದೆ. ಟ್ರೇಲರ್‌ನ ಪಕ್ಕದುದ್ದಕ್ಕೂ ಪ್ರತಿಫಲಿಸುವ ಪಟ್ಟಿ ಅಂಟಿಸಿ. ಕಾರು ದಾಟಿತೆಂದು ಅಡ್ಡ ನುಗ್ಗುವ ಬೈಕ್ ಸವಾರನಿಗೆ ಹಿಂದೆ ಇನ್ನೂ ಆರು ಮೀಟರ್ ಇದೆ ಎಂಬುದು ಕಾಣಬೇಕು.

ದೋಣಿಯೊಳಗೆ ಸಾಮಾನು ತುಂಬಬಹುದೇ? ಹುಡುಗರು ಅದರಲ್ಲೇ ಕೂರುತ್ತೇವೆ ಎನ್ನುತ್ತಾರೆ.

ಹುಡುಗರು ಕಾರಿನಲ್ಲಿ ಕೂರುತ್ತಾರೆ. ಸಾಮಾನು ತೂಗಿಸಿದ ಲೆಕ್ಕದೊಳಗಿದ್ದು ಕಟ್ಟಿದ್ದರೆ ಸರಿ, ಸಡಿಲವಾದದ್ದೆಲ್ಲ ಹಾರುತ್ತದೆ. ದೋಣಿಯ ಟ್ಯಾಂಕನ್ನು ತುಂಬಿಸಿಕೊಂಡು ಹೋಗುವ ಬದಲು ಕರಾವಳಿಯಲ್ಲೇ ತುಂಬಿಸಿ.

ರಿವರ್ಸ್ ತೆಗೆಯುವುದೇ ಬರುವುದಿಲ್ಲ.

ಸ್ಟೀರಿಂಗ್‌ನ ಕೆಳತುದಿಯನ್ನು ಒಂದು ಕೈಯಿಂದ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ, ಬಲಕ್ಕಾದರೆ ಬಲಕ್ಕೆ. ಸ್ವಲ್ಪವೇ ತಿರುಗಿಸಿ, ನಿಧಾನವಾಗಿ ಸರಿಯಿರಿ. ಕೋನ ಚೂಪಾಯಿತೆಂದರೆ ಅಲ್ಲಿಗೇ ನಿಲ್ಲಿಸಿ ಮುಂದಕ್ಕೆ ಹೋಗಿ ನೇರ ಮಾಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಖಾಲಿ ಮೈದಾನದಲ್ಲಿ ಕಲಿಯಿರಿ. ಮಲ್ಪೆಯ ಇಳಿಜಾರಿನಲ್ಲಿ ಮೀನುಗಾರರು ಹಿಂದೆ ಕಾಯುತ್ತಿರುವಾಗ ಕಲಿಯುವ ವಿದ್ಯೆ ಇದಲ್ಲ. ಸರ್ಜ್ ಬ್ರೇಕ್ ಇದ್ದರೆ ಹಿಂದಕ್ಕೆ ಸರಿಯುವಾಗ ಅದು ಹಿಡಿದುಕೊಳ್ಳದಂತೆ ಬೀಗ ಹಾಕಬೇಕು, ಆಮೇಲೆ ತೆಗೆಯಲು ಮರೆಯಬಾರದು.

ನೀರಿಗಿಳಿಸುವ ಮುನ್ನ ಏನೇನು ನೋಡಬೇಕು?

ತಳದ ಬಿರಡೆ. ದಾರಿಯಲ್ಲಿ ಅದು ತೆಗೆದಿರಬೇಕು, ಮಳೆನೀರು ತುಂಬಿ ಭಾರವಾಗಬಾರದೆಂದು, ನೀರಿಗಿಳಿಸುವಾಗ ಹಾಕಿರಬೇಕು. ಬಿಚ್ಚಿದ ಬಿರಡೆಯನ್ನು ದೋಣಿಯ ಕೀಲಿಯ ಜೊತೆಗೇ ಕಟ್ಟಿಡುವುದು ಒಳ್ಳೆಯ ಅಭ್ಯಾಸ. ಟ್ರೇಲರ್ ದೀಪದ ಪ್ಲಗ್ ಕಳಚಿ, ಬಿಸಿ ಬಲ್ಬ್ ತಣ್ಣೀರಿಗೆ ಬಿರುಕು ಬಿಡುತ್ತದೆ. ಹಿಂಬದಿಯ ಬೆಲ್ಟ್‌ಗಳನ್ನು ಬಿಚ್ಚಿ. ಮುಂಭಾಗದ ಸರಪಳಿಯನ್ನು ಮಾತ್ರ ದೋಣಿ ನೀರು ಮುಟ್ಟುವವರೆಗೆ ಬಿಚ್ಚಬೇಡಿ.

ಮರಳಿ ಬಂದ ಮೇಲೆ?

ಕರಾವಳಿ ಬಿಡುವ ಮೊದಲೇ ಟ್ರೇಲರ್, ಹಬ್, ಬ್ರೇಕ್, ಬೆಲ್ಟ್‌ಗಳಿಗೆ ಸಿಹಿನೀರು ಹೊಡೆಸಿ, ಎಂಜಿನ್‌ಗೂ ಸಿಹಿನೀರು ಹಾಯಿಸಿ. ಹಿನ್ನೀರಿನಲ್ಲೋ ಕೆರೆಯಲ್ಲೋ ಇಳಿಸಿದ್ದರೆ ರೋಲರ್ ಸಂದಿಯಲ್ಲಿ ಸಿಕ್ಕ ಜಲಕಳೆಯ ಎಳೆಗಳನ್ನು ಅಲ್ಲೇ ಬಿಡಿಸಿ, ದೋಣಿಯ ತಳದ ನೀರು ಬಸಿದು, ಒಣಗಿಸಿಯೇ ಹೊರಡಿ. ಬೆಂಗಳೂರಿನ ಕೆರೆಗಳಲ್ಲಿ ಅಂತರಗಂಗೆ ಈಗಾಗಲೇ ಸಾಕಷ್ಟಿದೆ, ಇಲ್ಲಿಂದ ಅದನ್ನು ಲಿಂಗನಮಕ್ಕಿಗೂ ಒಯ್ಯಬೇಕಾಗಿಲ್ಲ.

ಅಪಾರ್ಟ್‌ಮೆಂಟಿನಲ್ಲಿ ನಿಲ್ಲಿಸಬಹುದೇ?

ಸಂಘದ ಕಾರ್ಯದರ್ಶಿಯನ್ನು ಕೇಳಿ. ದೋಣಿ ಕೊಳ್ಳುವ ಮೊದಲು ಕೇಳಿದರೆ ಇನ್ನೂ ಒಳ್ಳೆಯದು.